ಹೊಸ ಟೀವಿಯಲ್ಲಿ ಹೆಡತಲೆಯ ರಂಗೋಲಿ

ನಂಜನಗೂಡಿನಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟಿರುವ ಹೆಂಗಸು ನಾನೊಬ್ಬಳೇ ಇರಬೇಕು. ಬಂದವರೆಲ್ಲ ಮೊದಲು ಕೇಳುವುದು, “ಯಜಮಾನ್ರು ಇಲ್ವಾ?” ಅಂತ. “ಇಲ್ಲಿ ಯಜಮಾನ ನಾನೇ, ಏನು ಕೆಟ್ಟದೆ ಹೇಳಿ” ಎಂದು ದಬಾಯಿಸಿ ದಬಾಯಿಸಿಯೇ ಪವಿತ್ರಾ ಎಂದರೆ ಸಿಡುಕಿ ಅನ್ನುವ ಹೆಸರು ಬಂದಿದೆ. ಬರಲಿ ಬಿಡಿ.

ಆವತ್ತು ಟಿ. ನರಸೀಪುರದಿಂದ ಬೈಕಿನಲ್ಲಿ ಬಂದ ನಂಜುಂಡೇಶ್ ಮಾತ್ರ ಹಾಗೆ ಕೇಳಲಿಲ್ಲ. “ಅಕ್ಕ, ಹಳೇ ಕಂಪ್ಯೂಟರ್ನ ಹೊಸಾ ಟೀವಿಗೆ ಸಿಕ್ಕಿಸ್ಬೇಕು. ಸಂಜೆ ತೊಟ್ಲಿಗ್ ಹಾಕ್ತಾವ್ರೆ” ಅಂದ.

“ಕಂಪ್ಯೂಟರ್ನ ತೊಟ್ಲಿಗ್ ಹಾಕ್ತೀರೇನಪ್ಪ?”

“ಅಯ್ಯೋ, ಮಗೂನ ಕಣಕ್ಕ!”

ಆಮೇಲೆ ಬಿಡಿಸಿ ಹೇಳಿದ. ಅವನ ತಾಯಿ ದೇವೀರಮ್ಮ ಗಣಿತದ ಟೀಚರ್ ಆಗಿ ರಿಟೈರಾದವರು. ಅವರ ತವರೂರು ಹೆಡತಲೆ. ಆ ಮನೆತನದಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ತೊಟ್ಟಿಲ ಕೆಳಗೆ ಒಂದು ಚುಕ್ಕಿ ರಂಗೋಲಿ ಇರಲೇಬೇಕು, ಅದನ್ನು ಅಜ್ಜಿಯೇ ತನ್ನ ಕೈಯಾರೆ ಹಾಕಬೇಕು. ಒಂದೇ ಎಳೆ ಎಲ್ಲ ಚುಕ್ಕಿಗಳನ್ನೂ ಸುತ್ತಿ ಹೊರಟಲ್ಲಿಗೇ ಬಂದು ಕೂಡಬೇಕು. ಎಲ್ಲಾದರೂ ಬಾಯಿ ಬಿಟ್ಟರೆ ಮಗುವಿಗೆ ಒಳ್ಳೆಯದಲ್ಲವಂತೆ. ತನ್ನ ತಾಯಿ ಹಾಕುತ್ತಿದ್ದುದನ್ನು ದೇವೀರಮ್ಮ ಎಂಬತ್ತರ ದಶಕದಲ್ಲಿ ಕೊಂಡ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದು, ಆಗಿನ ರೂಢಿಯಂತೆ ಹಾಡಿನ ಕ್ಯಾಸೆಟ್ಟಿಗೆ ತುಂಬಿಸಿದ್ದರು. ಈಗ ಆ ತಾಯಿ ಇಲ್ಲ. ದೇವೀರಮ್ಮನ ಮಗಳು ಕವನ ಬಾಣಂತನಕ್ಕೆ ಬಂದಿದ್ದಾಳೆ. ಎಳೆ ಹೋಗುವ ದಾರಿ ದೇವೀರಮ್ಮನಿಗೇ ಮರೆತುಹೋಗಿದೆ.

ಕನ್ವರ್ಟರ್ ಡಬ್ಬಿ, ವೈರು, ಅಂಗಡಿಯ ಟೇಪ್‌ರೆಕಾರ್ಡರ್ ಚೀಲಕ್ಕೆ ಹಾಕಿಕೊಂಡು ಅವನ ಬೈಕು ಹತ್ತಿದೆ.

ದೇವೀರಮ್ಮ ಬಾಗಿಲಲ್ಲೇ ನಿಂತಿದ್ದರು. ಟೀ ತಂದುಕೊಟ್ಟರು, ಅರ್ಧ ಸಾಸರಿಗೆ ಚೆಲ್ಲಿತ್ತು. ಅವರ ಬಲಗೈ ನಿಲ್ಲದೆ ನಡುಗುತ್ತಿತ್ತು. ಒಳಗೆ ತೊಟ್ಟಿಲ ಕೆಳಗೆ ಹಾಕಿ ಒರೆಸಿದ ರಂಗೋಲಿಯ ಬಿಳಿ ಕಲೆ. “ಬೆಳಿಗ್ಗೆಯಿಂದ ಹಾಕ್ತಾ ಇವ್ನಿ ಕಣವ್ವ. ಒಂದ್ ಮೂಲೇಲಿ ಕೂಡಾಕಿಲ್ಲ ಅಂತದೆ” ಎಂದರು. ಅಳು ಬಂದಿತ್ತು ಅವರಿಗೆ. ಟೀ ಕುಡಿದು ಕೆಲಸಕ್ಕೆ ಕೂತೆ.

ದಪ್ಪ ಕೀಬೋರ್ಡು, ಅದರೊಳಗೇ ಇಡೀ ಕಂಪ್ಯೂಟರು. ಆ ಕಾಲದ ಟೀವಿಗೆಂದು ಮಾಡಿದ್ದು. ಈಗಿನ ಟೀವಿಗೆ ಅದರ ಭಾಷೆ ಬರುವುದಿಲ್ಲ, ನಡುವೆ ಕನ್ವರ್ಟರ್ ಇಡಬೇಕು. ಇಟ್ಟೆ. ಟೀವಿ ‘ಸಿಗ್ನಲ್ ಇಲ್ಲ’ ಅಂದಿತು. ವೈರು ಬದಲಾಯಿಸಿದೆ, ಮತ್ತೆ ಅದೇ ರಾಗ. ಕೊನೆಗೆ ಕಂಪ್ಯೂಟರನ್ನು ತಿರುಗಿಸಿ, ಟಾರ್ಚು ಹಾಕಿ ಹಿಂದೆ ವೈರು ಸಿಕ್ಕಿಸುವ ತೂತು ನೋಡಿದೆ. ಒಳಗೆ ಹಳದಿಯಾಗಿ ಏನೋ ಗಟ್ಟಿ ಕಟ್ಟಿತ್ತು.

“ಏನ್ರೀ ಇದು?”

“ಗಂಧ” ಎಂದ ನಂಜುಂಡೇಶ್. “ವರ್ಷಾ ವರ್ಷಾ ಆಯುಧಪೂಜೇಲಿ ಇಡ್ತೀನಿ.”

“ಇಡೋದಾದ್ರೆ ಮುಂದೆ ಇಡಿ! ಹಿಂದ್ಗಡೆ ಯಾಕೆ?”

“ಗಾಡಿಗೆ ಮುಂದೂ ಹಿಂದೂ ಇಡ್ತೀವಲ್ಲಕ್ಕ!”

ನಗಬಾರದೆಂದುಕೊಂಡರೂ ನಕ್ಕುಬಿಟ್ಟೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ವರ್ಷಗಳ ಭಕ್ತಿಯನ್ನು ಉಜ್ಜಿ ತೆಗೆದೆ. ಪರದೆ ಬೆಳಗಿತು. ಟೇಪ್‌ರೆಕಾರ್ಡರನ್ನು ಕಂಪ್ಯೂಟರಿಗೆ ಸಿಕ್ಕಿಸಿ ಕ್ಯಾಸೆಟ್ಟು ಹಾಕಿದಾಗ ಅದು ಕಿವಿ ಕಿತ್ತುಹೋಗುವ ಹಾಗೆ ಕಿರುಚಿತು. ಒಮ್ಮೆ ನಿಂತೂ ಹೋಯಿತು. ರಿವೈಂಡ್ ಮಾಡಿ ಮತ್ತೆ ಹಾಕಿದೆ. ಚುಕ್ಕಿಗಳು ಬಂದವು. ಹಿಂದೆಯೇ ಎಳೆ ಹೊರಟು ಚುಕ್ಕಿ ಚುಕ್ಕಿಯನ್ನೂ ಬಳಸಿ ಓಡಿತು.

ಆದರೆ ನಾಲ್ಕೂ ಅಂಚಿನಲ್ಲಿ ಎಳೆ ಕಡಿದಿತ್ತು.

“ಇಲ್ಲೂ ಕೂಡ್ಲಿಲ್ವಲ್ಲವ್ವ” ಎಂದು ದೇವೀರಮ್ಮ ಕುಸಿದು ಕೂತರು.

“ತಡೀರಿ ಅಮ್ಮ, ರಂಗೋಲಿ ನೆಟ್ಟಗದೆ. ಈ ಟೀವಿ ಅಂಚು ಕತ್ತರಿಸಿ ತೋರಿಸ್ತಾ ಇದೆ” ಎಂದೆ. ಟೀವಿಯ ಸೆಟ್ಟಿಂಗಿಗೆ ಹೋಗಿ ಚಿತ್ರದ ಅಳತೆಯನ್ನು ಚೌಕಕ್ಕೆ ಹತ್ತಿರ ತಂದು, ಪೂರ್ತಿ ತೋರಿಸು ಎಂದು ಒತ್ತಿದೆ. ಎರಡು ಪಕ್ಕದಲ್ಲೂ ಕಪ್ಪು ಪಟ್ಟಿ ಬಿತ್ತು. ನಡುವೆ ರಂಗೋಲಿ ಇಡಿಯಾಗಿ ನಿಂತಿತು. ಎಲ್ಲೂ ಬಾಯಿ ಬಿಟ್ಟಿರಲಿಲ್ಲ.

“ನಮ್ಮವ್ವನ ಸುತ್ತೇ ಇದು” ಎಂದು ದೇವೀರಮ್ಮ ಪರದೆಯನ್ನು ಮುಟ್ಟಿದರು.

ರಂಗೋಲಿ ಬಟ್ಟಲು ಹಿಡಿದು ತೊಟ್ಟಿಲ ಕೆಳಗೆ ಕೂತರು. ನಾನು ಮೊದಲಿನಿಂದ ಓಡಿಸಿದೆ. ಇವರು ಎರಡು ಚುಕ್ಕಿ ಸುತ್ತುವಷ್ಟರಲ್ಲಿ ಯಂತ್ರ ಪೂರ್ತಿ ಮುಗಿಸಿ, ಯಾವುದರ ಹಿಂದೆ ಯಾವುದೆಂದು ತಿಳಿಯದ ಹಾಗೆ ಮಾಡಿಬಿಟ್ಟಿತು. ಮತ್ತೆ ಓಡಿಸಿದೆ, ಮತ್ತೆ ಹಾಗೇ. ಪ್ರೋಗ್ರಾಂ ಬರೆದ ಕಾಲದಲ್ಲಿ ಅವರ ಕೈ ಎಷ್ಟು ಚುರುಕಾಗಿತ್ತೋ ಅದು ಅಷ್ಟೇ ಚುರುಕಾಗಿ ಓಡುತ್ತಿತ್ತು. ಹೊರಗೆ ನೆಂಟರ ಆಟೋ ನಿಂತ ಸದ್ದಾಯಿತು.

“ಅಮ್ಮ, ಇದನ್ನ ನಿಲ್ಲಿಸಿ ನಿಲ್ಲಿಸಿ ಹೋಗೋ ಹಾಗೆ ಮಾಡಕ್ಕಾಗಲ್ವಾ? ಬರೆದೋರು ನೀವೇ ಅಲ್ವಾ?” ಎಂದೆ.

ದೇವೀರಮ್ಮ ಬಟ್ಟಲು ಕೆಳಗಿಟ್ಟು ಕೀಬೋರ್ಡಿನತ್ತ ಬಾಗಿದರು. “ಪ್ರತಿ ಸುತ್ತಾದ್ಮೇಲೂ ಕೀ ಒತ್ತೋಗಂಟ ಕಾಯಿ ಅನ್ಬೇಕು. ನಾನ್ ಯೋಳ್ತೀನಿ, ನೀನ್ ಒತ್ತು” ಎಂದರು. ಹೇಳಿದರು, ಒತ್ತಿದೆ. ಒಂದು ಸಲ ತಪ್ಪಾಗಿ ಬೈಸಿಕೊಂಡೆ ಕೂಡ.

ಈ ಸಲ ಯಂತ್ರ ಒಂದು ಸುತ್ತು ಹಾಕಿ ನಿಂತಿತು. ದೇವೀರಮ್ಮ ನಡುಗುವ ಕೈಯಲ್ಲಿ ಒಂದು ಸುತ್ತು ಹಾಕಿ “ಹ್ಞೂಂ” ಅಂದರು. ಕೀ ಒತ್ತಿದೆ. ಹೀಗೇ ಸಾಗಿತು. ನೆಂಟರೆಲ್ಲ ಬಾಗಿಲಲ್ಲಿ ಬಂದು ನಿಂತರು. ಕೊನೆಯ ತಿರುವಿನಲ್ಲಿ ಬೆರಳು ಅದುರಿ ಪುಡಿ ಚೆಲ್ಲಿತು. ತಡೆಯಲಾರದೆ ಅವರ ಕೈ ಹಿಡಿಯಹೋದೆ.

“ಬುಡು ಮಗ. ಆ ಕಂಪ್ಯೂಟರೇ ಕಾಯ್ತಾ ಅದೆ, ನಿಂಗೇನು ಅರ್ಜೆಂಟು?”

ಕೈ ಹಿಂದಕ್ಕೆಳೆದುಕೊಂಡೆ. ನನ್ನ ಕಣ್ಣು ಮಂಜಾಗಿತ್ತು, ಸುಳ್ಳೇಕೆ ಹೇಳಲಿ. ಎಳೆ ದಪ್ಪವಾಗಿ, ಸೊಟ್ಟವಾಗಿ ತೆವಳಿ ಹೊರಟಲ್ಲಿಗೆ ಬಂದು ಕೂಡಿತು. ದೇವೀರಮ್ಮ ಒಂದು ಸುತ್ತು ನೋಡಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಳಕೋಣೆಯತ್ತ ತಿರುಗಿದರು.

“ಕವನಾ, ಮಗೂನ ತತ್ತಾ.”