ಆಯುಧಪೂಜೆಯ ದಿನದ ಗ್ರಾಫು

ಮತ್ತಿಕೆರೆಯ ಒಂದು ಪ್ರಯೋಗಾಲಯದಲ್ಲಿ ಕ್ಯೂಬಿಟ್ ಕಾಯುವುದು ನನ್ನ ಕೆಲಸ. ಕ್ಯೂಬಿಟ್ ಎಂದರೆ ಆಳೆತ್ತರದ ಶೀತಲಯಂತ್ರದೊಳಗೆ ಕೂತಿರುವ ಒಂದು ಸಣ್ಣ ಸರ್ಕ್ಯೂಟು. ಅದು ಏಕಕಾಲಕ್ಕೆ ಸೊನ್ನೆಯೂ ಒಂದೂ ಆಗಿರಬಲ್ಲದು, ಆದರೆ ಕಣ್ಣು ಮಿಟುಕಿಸುವುದರೊಳಗೆ ಆ ಸ್ಥಿತಿ ಕೆಟ್ಟುಹೋಗುತ್ತದೆ. ಅಳೆಯಲು ಹೋದರಂತೂ ಎಳೆಗೂಸಿಗೆ ದೃಷ್ಟಿ ತಾಗಿದ ಹಾಗೆ, ಇನ್ನೂ ಬೇಗ ಕೆಡುತ್ತದೆ. ಈ ವಿದ್ಯೆಯ ಮೊದಲನೇ ಪಾಠವೇ ಇದು. ನಾನು ಅದನ್ನು ಬೇರೆಯವರಿಗೆ ಚೆನ್ನಾಗಿ ಪಾಠ ಮಾಡುತ್ತೇನೆ.

ಅಂಥ ನಾನು ಕಟ್ಟಿದ್ದು ಕ್ಯೂಬಿಟ್ಟನ್ನು ಬಿಡದೆ ನೋಡುವ ಒಂದು ನಿಯಂತ್ರಕ ಪೆಟ್ಟಿಗೆ! ಓರೆಗಣ್ಣಿನಲ್ಲಿ ಮೆಲ್ಲಗೆ ಅಳೆಯುವುದು, ಜಾರುತ್ತಿದೆ ಅನ್ನಿಸಿದರೆ ತಕ್ಷಣ ತಟ್ಟಿ ಸರಿಮಾಡುವುದು. ಕಾಗದದ ಮೇಲೆ ಕ್ಯೂಬಿಟ್ಟಿನ ಆಯಸ್ಸು ಹೆಚ್ಚುತ್ತಿತ್ತು, ಯಂತ್ರದಲ್ಲಿ ಹೆಚ್ಚಲಿಲ್ಲ. ನಾನು ಪೆಟ್ಟಿಗೆಗೆ ಇನ್ನೂ ಜಾಸ್ತಿ ನೋಡಲು ಹೇಳಿದೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಪ್ರಯೋಗಾಲಯದ ಮುಖ್ಯಸ್ಥೆ ರಾಧಾಮಣಿ ಮೇಡಂ ಒಂದು ದಿನ ಕರೆದರು.

"ಮುನೀಂದ್ರ, ಕ್ಯೂಬಿಟ್ಟಿನ ಹೊಸ ಚಿಪ್ ಬಂತಲ್ಲ, ಪೆಟ್ಟಿಗೆ ಇಲ್ದೆ ಅಳೆದು ನೋಡಿದ್ಯಾ?"

"ಹಳೇ ಚಿಪ್‌ನಲ್ಲಿ ನೋಡಿದ್ದೆ ಮೇಡಂ. ಅದೇ ಸಾಕು."

"ದಸರಾ ಮುಗಿಯೋದ್ರೊಳಗೆ ಆಯಸ್ಸಿನ ಗ್ರಾಫ್ ಮೇಲೇರ್ಬೇಕು ಕಣಪ್ಪ. ಇಲ್ಲಾಂದ್ರೆ ನಿನ್ನ ಪಿಎಚ್‌ಡಿಗೆ ಬೇರೆ ವಿಷಯ ಹುಡುಕೋಣ."

ಬೇರೆ ವಿಷಯ ಎಂದರೆ ಮತ್ತೆ ಮೊದಲಿನಿಂದ ಶುರು. ನನಗೆ ಊಟ ಸೇರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಮಾಕಳಿಯ ನಮ್ಮ ಮನೆಯಲ್ಲಿದ್ದೆ. ಅಪ್ಪನ ಜೆಸಿಬಿಗೆ ಬಾಳೆಕಂದು ಕಟ್ಟಿ, ಹಾರ ಹಾಕಿ ಆಗಿತ್ತು. ಬೂದುಗುಂಬಳಕಾಯಿ ಒಡೆಯುವುದು ಹಿರಿಮಗನಾದ ನನ್ನ ಪಾಲು. ಒಂದು ಕೈಯಲ್ಲಿ ಕುಂಬಳಕಾಯಿ, ಇನ್ನೊಂದರಲ್ಲಿ ಫೋನು. ಫೋನಿಗೆ ಪ್ರಯೋಗಾಲಯದ ಗ್ರಾಫು ನೇರವಾಗಿ ಬರುತ್ತಿತ್ತು.

"ಪೂಜೆ ಒತ್ನಾಗೂ ಅದ್ನೇ ನೋಡ್ತೀಯಲ್ಲೋ," ಎಂದು ಅಪ್ಪ ಗದರಿದರು. "ಅಂಥಾದ್ದೇನೈತೋ ಅದ್ರಾಗೆ?"

ಅಷ್ಟರಲ್ಲಿ ಗ್ರಾಫು ನೆಗೆಯಿತು. ಕ್ಯೂಬಿಟ್ಟಿನ ಆಯಸ್ಸು ದುಪ್ಪಟ್ಟಾಗಿತ್ತು! ಕಾದು ನೋಡಿದೆ, ಇಳಿಯಲಿಲ್ಲ. ಸಂತೋಷಕ್ಕೆ ಕೈ ಸಡಿಲವಾಗಿ ಕುಂಬಳಕಾಯಿ ಅಪ್ಪನ ಕಾಲ ಬುಡದಲ್ಲೇ ಒಡೆಯಿತು. ಅವರು ಬೈದದ್ದು ನನಗೆ ಕೇಳಿಸಲೇ ಇಲ್ಲ. ನಮ್ಮ ಜೂನಿಯರ್ ವನಿತಾ ಯಾವುದೋ ಪೂಜೆಯ ಫೋಟೋ ಕಳಿಸಿದ್ದಳು. ಈಗ ಅದನ್ನು ಯಾರು ನೋಡುತ್ತಾರೆ ಎಂದು ತೆರೆಯಲಿಲ್ಲ. ಗ್ರಾಫಿನ ಮೇಲೆ 'ಮುನೀಂದ್ರನ ನಿಯಂತ್ರಕ ಇದ್ದಾಗ' ಎಂದು ದಪ್ಪಕ್ಷರದಲ್ಲಿ ಬರೆದು ಇಡೀ ಗುಂಪಿಗೆ ಕಳಿಸಿ, ಸ್ಕೂಟರ್ ಹತ್ತಿದೆ. ತುಮಕೂರು ರಸ್ತೆಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ನನ್ನ ಭಾಷಣದ ತಾಲೀಮು ನಡೆಯಿತು.

ಪ್ರಯೋಗಾಲಯದಲ್ಲಿ ಎಲ್ಲರೂ ಕಡ್ಲೆಪುರಿ ತಿನ್ನುತ್ತಿದ್ದರು. ನಾನು ಹೋದವನೇ ಶುರುಮಾಡಿದೆ. ಬಿಡದೆ ನೋಡುವುದರ ಮಹತ್ವ, ನನ್ನ ಪೆಟ್ಟಿಗೆಯ ಜಾಣ್ಮೆ, ನಂಬದವರನ್ನು ನಾನು ಕ್ಷಮಿಸಿರುವುದು, ಎಲ್ಲ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಡಂ ವನಿತಾಳ ಮುಖ ನೋಡಿದರು.

"ಅಣ್ಣಾ, ಫೋಟೋ ನೋಡ್ಲಿಲ್ವಾ?" ಎಂದಳು ವನಿತಾ.

ಅವಳು ಕೈ ತೋರಿದ ಕಡೆ ಪೂಜೆಯ ಮೇಜಿತ್ತು. ಸ್ಪ್ಯಾನರು, ಸ್ಕ್ರೂಡ್ರೈವರು, ಅವುಗಳ ನಡುವೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವು ಮುಡಿದು ನನ್ನ ಪೆಟ್ಟಿಗೆ.

"ನಿಮ್ಮ ಆಯುಧ ಬಿಟ್ಟು ಪೂಜೆ ಮಾಡೋಕೆ ಮನಸ್ಸು ಬರ್ಲಿಲ್ಲ ಅಣ್ಣಾ. ಬೆಳಿಗ್ಗೇನೇ ಮೇಡಂನ ಕೇಳ್ಕೊಂಡು ಬಿಚ್ಚಿಟ್ಟೆ. ಕೇಬಲ್ ನೇರವಾಗಿ ಸೇರಿಸ್ದೆ, ಮಿಕ್ಕಿದ್ದೆಲ್ಲ ಓಡ್ತಾನೇ ಇದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮುತ್ತು ಗುಂಪಿನಲ್ಲಿ ಎಲ್ಲರ ಫೋನಿಗೂ ತಲುಪಿತ್ತು. ನಾಚಿಕೆಯಿಂದ ನಿಜವಾಗಿಯೂ ಅಳು ಬಂತು. ಇಷ್ಟು ದಿನ ಆ ಪಾಪದ ಕ್ಯೂಬಿಟ್ಟನ್ನು ಸಾಯಿಸುತ್ತಿದ್ದವನು ನಾನೇ.

ಮೇಡಂ ಕುರ್ಚಿ ಎಳೆದು ಕೂರಿಸಿದರು. "ಅಳಬೇಡ್ವೋ. ನೋಡಿದಷ್ಟೂ ಎಷ್ಟು ಕೆಡುತ್ತೆ ಅನ್ನೋದಕ್ಕೆ ನಿನ್ ಹತ್ರ ಇರೋಷ್ಟು ಡೇಟಾ ಯಾರ ಹತ್ರಾನೂ ಇಲ್ಲ. ಅದನ್ನೇ ಬರಿ, ಪಿಎಚ್‌ಡಿ ಆಗುತ್ತೆ. ಮೊದ್ಲು ಆ ಗ್ರಾಫ್ ಸರಿಮಾಡಿ ಕಳ್ಸು."

ವನಿತಾ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. ಎಲ್ಲರೂ ನೋಡುತ್ತಿದ್ದಂತೆಯೇ ನಾನು ಟೈಪ್ ಮಾಡಿದೆ: 'ಮುನೀಂದ್ರನ ನಿಯಂತ್ರಕ ಇಲ್ಲದಿದ್ದಾಗ.'