ಅರವತ್ತೊಂದನೇ ನಂಬರಿನ ಕ್ಲಿಪ್ಪು

ಹತ್ತೊಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಇವತ್ತು ದಾರಿಯಲ್ಲೇ ಹೇಳಿಬಿಡಬೇಕೆಂದು, ತಮ್ಮ ಊರು ಝರ್ಕಾ ಬಿಡುವಾಗಲೇ ಲುತ್ಫಿ ನಿಶ್ಚಯ ಮಾಡಿದ್ದ. ಪೆಟ್ರೋಲ್ ಬಂಕ್ ದಾಟಲಿ ಅಂದುಕೊಂಡ, ಅದು ದಾಟಿತು. ಎಳ್ಳುರೊಟ್ಟಿ ಕೊಳ್ಳೋಣ, ಆಮೇಲೆ ಅಂದುಕೊಂಡ. ಕೊಂಡದ್ದೂ ಆಯಿತು, ತಿಂದದ್ದೂ ಆಯಿತು. ಪಕ್ಕದಲ್ಲಿ ಅದೀಬ್, ರಿಮೋಟಿನಿಂದ ಹಾರಿಸುವ ಪುಟ್ಟ ಹಳದಿ ವಿಮಾನದ ರೆಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಮದುವೆಗೆ ಹೊರಟವನಂತೆ ಕೂತಿದ್ದ. ಅಂಥವನ ಮುಂದೆ ಬಾಯಿ ತೆರೆಯುವುದಾದರೂ ಹೇಗೆ?

ಅದೀಬನ ಕೈ ಎರಡು ವರ್ಷದಿಂದ ನಡುಗುತ್ತಿತ್ತು. ನರದ ಕಾಯಿಲೆ, ವಾಸಿಯಾಗುವಂಥದ್ದಲ್ಲ. ಹಾಗಿದ್ದರೂ ಹಟಕ್ಕೇನೂ ಕಡಿಮೆಯಿರಲಿಲ್ಲ. ಹೊರಡುವಾಗ ಸೀಟ್ ಬೆಲ್ಟ್ ಹಾಕಿಕೊಡಲು ಹೋದ ಲುತ್ಫಿಯ ಕೈಗೆ ಒಂದೇಟು ಕೊಟ್ಟು, "ನಾನೇನು ಮಗೂನೇನೋ?" ಎಂದು, ನಾಲ್ಕನೇ ಸಲಕ್ಕೆ ತಾನೇ ಸಿಕ್ಕಿಸಿಕೊಂಡಿದ್ದ.

"ಡಾಕ್ಟ್ರು ಎರಡು ವರ್ಷದಿಂದ ಅಂತಾರೆ," ಎಂದ ಈಗ. "ಅವರಿಗೇನು ಗೊತ್ತು? ನನ್ನ ಕೈ ಹತ್ತೊಂಬತ್ತು ವರ್ಷದ ಹಿಂದೇನೇ ಕೆಟ್ಟಿತ್ತು. ಇದು ಬಿದ್ದ ದಿನ." ಎನ್ನುತ್ತಾ ರೆಕ್ಕೆಯನ್ನು ಸವರಿದ.

ಲುತ್ಫಿ ರಸ್ತೆ ನೋಡುತ್ತಾ ಗಾಡಿ ಓಡಿಸಿದ.

ಆಗೆಲ್ಲ ಪ್ರತಿ ಶುಕ್ರವಾರ ಬೆಳಿಗ್ಗೆ ಇಬ್ಬರೂ, ಈಗ ಹೊರಟಿದ್ದ ಅಜ್ರಕ್ ದಾರಿಯ ಬಯಲಿಗೇ ಬರುತ್ತಿದ್ದರು. ಚಳಿಗಾಲದಲ್ಲಿ ನೀರು ನಿಂತು, ಆಮೇಲೆ ಒಣಗಿ, ತಟ್ಟೆಯಂತೆ ಸಮತಟ್ಟಾಗುವ ಮಣ್ಣು. ಪುಟ್ಟ ವಿಮಾನ ಇಳಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಲುತ್ಫಿ ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವವನು. ಅದೀಬ್ ಅಮ್ಮಾನ್ ನಗರದಲ್ಲಿ ಇಪ್ಪತ್ತು ಅಂತಸ್ತಿನೆತ್ತರದ ಕ್ರೇನು ನಡೆಸುತ್ತಿದ್ದವನು. ಅವನಂಥ ಕೈ ವಿಮಾನ ಹಾರಿಸುವವರ ಇಡೀ ಗುಂಪಿನಲ್ಲಿ ಯಾರಿಗೂ ಇರಲಿಲ್ಲ. ಇಬ್ಬರೂ ಒಂದೇ ಅಂಗಡಿಯಲ್ಲಿ ರಿಮೋಟು ಕೊಂಡಿದ್ದರಿಂದ ಎರಡಕ್ಕೂ ಒಂದೇ ರೇಡಿಯೋ ಅಲೆಯ ನಂಬರು ಬಂದಿತ್ತು, ಅರವತ್ತೊಂದು. ಹಾಗಾಗಿ ಸರದಿ. ಬಯಲಿನಲ್ಲಿಟ್ಟ ಒಂದು ಹಲಗೆಯ ಮೇಲೆ ನಂಬರು ಬರೆದ ಬಟ್ಟೆ ಕ್ಲಿಪ್ಪುಗಳಿರುತ್ತಿದ್ದವು. ಅರವತ್ತೊಂದರ ಕ್ಲಿಪ್ಪು ಯಾರ ಆಂಟೆನಾದ ಮೇಲಿದೆಯೋ ಅವನೊಬ್ಬನೇ ರಿಮೋಟಿನ ಸ್ವಿಚ್ಚು ಹಾಕಬೇಕು. ಇನ್ನೊಬ್ಬ ಹಾಕಿದರೆ ಮೇಲಿರುವ ವಿಮಾನ ಯಾರ ಮಾತು ಕೇಳಬೇಕೆಂದು ತಿಳಿಯದೆ ಬೀಳುತ್ತದೆ.

ಒಂದು ಶುಕ್ರವಾರ ಅದೀಬನ ಹಳದಿ ವಿಮಾನ ಮೇಲಿದ್ದಾಗ ಲುತ್ಫಿ ಹಾಕಿದ್ದ. ಬೇಕೆಂದಲ್ಲ. ಕಾರಿನ ಡಿಕ್ಕಿಯಲ್ಲಿ ತಲೆ ತೂರಿಸಿ, ಹೊಸದಾಗಿ ಕಟ್ಟಿದ ತಂತಿ ತನ್ನ ವಿಮಾನದ ಬಾಲವನ್ನು ಎಳೆಯುತ್ತದೋ ಇಲ್ಲವೋ ಎಂದು ಒಂದೇ ಒಂದು ಸಲ ನೋಡೋಣ ಅಂತ. ಬಾಲ ಚೆನ್ನಾಗಿ ಅಲ್ಲಾಡಿತು. ಅವನು ಖುಷಿಪಡುತ್ತಿದ್ದಾಗಲೇ ಹಿಂದೆ ದೊಪ್ಪೆಂದು ಸದ್ದಾಯಿತು. "ಯಾರಾದ್ರೂ ಸ್ವಿಚ್ ಹಾಕಿದ್ರಾ?" ಎಂದು ಯಾರೋ ಕೂಗಿದರು. ಎಲ್ಲರೂ ಇಲ್ಲ ಎಂದರು. ಇವನೂ ಇಲ್ಲ ಎಂದ. ಅಯ್ಯೋ ಪಾಪಿ, ಚಹಾ ಕುಡಿದ ಮೇಲೆ ಹೇಳೋಣ ಅಂದುಕೊಂಡಿದ್ದ. ಆ ಚಹಾ ಇನ್ನೂ ಮುಗಿದಿಲ್ಲ.

ಮೂರು ಕಿಲೋ ಬೊಂಬೆಯನ್ನು ಹಿಡಿಯಲಾಗದ ಕೈ, ಜನರ ತಲೆಯ ಮೇಲೆ ಎಂಟು ಟನ್ನು ಹಿಡಿಯುವುದು ಪಾಪ ಎಂದು ಅದೀಬ್ ಒಂದು ವಾರದಲ್ಲಿ ಕ್ರೇನು ಬಿಟ್ಟ. ಭಾವಮೈದುನನ ಅಂಗಡಿಯಲ್ಲಿ ಮೊಳೆ ತೂಗುತ್ತಾ ಕೂತ. ಲುತ್ಫಿ ಕೂಡ ಮತ್ತೆಂದೂ ವಿಮಾನ ಮುಟ್ಟಲಿಲ್ಲ. ಕಳೆದ ತಿಂಗಳು ಅದೀಬನೇ ಫೋನು ಮಾಡಿದ: "ಹಳದೀನ ಸರಿ ಮಾಡಿದೀನಿ ಕಣೋ. ಒಂದ್ಸಲ ಮೇಲೆ ಹೋಗ್ಬೇಕು. ನೀನು ಹಾರಿಸು, ನಾನು ನೋಡ್ತೀನಿ."

ಬಯಲಿನಲ್ಲಿ ಹೊಸಬರು ನಾಲ್ಕೈದು ಜನ ಇದ್ದರು. ಅದೀಬ್ ಹಳೆಯ ಹಲಗೆಯನ್ನೂ ತಂದು ಕಲ್ಲಿಗೆ ಒರಗಿಸಿದ. ಖುಸೈ ಎಂಬ ಔಷಧಿ ಅಂಗಡಿಯವನು ಅದನ್ನು ನೋಡಿ, "ಏನು ಚಿಕ್ಕಪ್ಪ, ಬಟ್ಟೆ ಒಣಗ್ಸೋಕೆ ಬಂದ್ರಾ?" ಎಂದ.

"ನಿಮ್ಮ ರಿಮೋಟುಗಳು ತಾವೇ ಜಗಳ ಬಿಡಿಸ್ಕೊಳ್ತವೆ. ನಮ್ಮ ಕಾಲದಲ್ಲಿ ಮರ್ಯಾದೆಗೆ ಕ್ಲಿಪ್ಪು ಬೇಕಿತ್ತಪ್ಪ," ಎಂದು ಅದೀಬ್ ನಕ್ಕು, ನಡುಗುವ ಬೆರಳಿನಿಂದ ಕ್ಲಿಪ್ಪನ್ನು ತೆಗೆದು ಲುತ್ಫಿಯ ಕೈಲಿದ್ದ ತನ್ನ ರಿಮೋಟಿನ ಆಂಟೆನಾಕ್ಕೆ ಸಿಕ್ಕಿಸಿದ.

ವಿಮಾನ ಎದ್ದಿತು. ಎದುರಿಗೆ ಬರುವಾಗ ಎಡ ಬಲ ಅದಲುಬದಲಾಗುತ್ತದೆ ಎಂಬುದನ್ನೇ ಮರೆತು ಲುತ್ಫಿ ಒಮ್ಮೆ ನೆಲದತ್ತ ತಿರುಗಿಸಿದ. ತಲೆ ಹೇಳುವ ಮೊದಲೇ ಹೆಬ್ಬೆರಳು ಸರಿಮಾಡಿತು. ಮೂರು ಸುತ್ತು. ಇಳಿಸುವಾಗ ಎರಡು ಸಲ ಪುಟಿದು, ಓಡಿ, ನಿಂತಿತು. ಖುಸೈ ಚಪ್ಪಾಳೆ ತಟ್ಟಿದ. ಲುತ್ಫಿಗೆ ಸಂತೋಷವಾಯಿತು, ಮರುಕ್ಷಣವೇ ನಾಚಿಕೆಯೂ ಆಯಿತು.

ಅದೀಬನ ಕಣ್ಣು ತುಂಬಿತ್ತು. "ಇಷ್ಟು ವರ್ಷ ಮುಟ್ಟದೇ ಇದ್ರೂ ನಿನ್ನ ಕೈ ಮರೆತಿಲ್ಲ ನೋಡು. ನನ್ನ ಕೈ, ದಿನಾ ಮಾಡೋ ಕೆಲಸದಲ್ಲೇ ಕೈ ಕೊಡ್ತು."

"ಅಣ್ಣ, ಅವತ್ತು ಸ್ವಿಚ್ ಹಾಕಿದ್ದು ನಾನು."

ಹೇಳಿಬಿಟ್ಟಿದ್ದ. ಅದೀಬ್ ಅವನ ಹೆಗಲ ಮೇಲೆ ಕೈಯಿಟ್ಟ.

"ನೀನು ಒಳ್ಳೇವ್ನು ಕಣೋ. ಮುದುಕನಿಗೆ ಸಮಾಧಾನ ಆಗ್ಲಿ ಅಂತ ಇಷ್ಟು ದೊಡ್ಡ ಸುಳ್ಳು ನಿನ್ನ ತಲೆ ಮೇಲೆ ಹಾಕ್ಕೋತೀಯ."

"ಸುಳ್ಳಲ್ಲಣ್ಣ."

"ಬಿಡೋ. ಚಹಾ ಹಾಕು."

ಹೇಳಿದ್ದೂ ಆಯಿತು, ಬೈಸಿಕೊಂಡದ್ದೂ ಇಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಳ್ಳೆಯವನು ಅನ್ನಿಸಿಕೊಂಡದ್ದು ಲುತ್ಫಿಗೆ ಬಿಸಿತುಪ್ಪವಾಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ನಿನ್ನ ಕೈಯದು ತಪ್ಪಿರಲಿಲ್ಲ ಎಂದು ಗೊತ್ತಾದರೆ ಅದೀಬನಿಗೆ ಎಷ್ಟು ಹಗುರವಾದೀತು ಅಂತಲೂ ಅವನು ನಂಬಿದ್ದ. ಅದೆಂಥಾ ಬುದ್ಧಿಯೋ. ಡಿಕ್ಕಿಯಿಂದ ತನ್ನ ಹಳೆಯ ರಿಮೋಟು ತಂದ, ನಿನ್ನೆಯೇ ಹೊಸ ಬ್ಯಾಟರಿ ಹಾಕಿಟ್ಟಿದ್ದ. ಆಂಟೆನಾ ಎಳೆದು, ಕ್ಲಿಪ್ಪಿಲ್ಲದೆ, ಸ್ವಿಚ್ಚು ಹಾಕಿದ.

ನೆಲದ ಮೇಲೆ ಸುಮ್ಮನೆ ನಿಂತಿದ್ದ ಹಳದಿ ವಿಮಾನದ ಬಾಲ ಒದ್ದಾಡಿತು. ಹಿಡಿದ ಕೋಳಿಯಂತೆ ರೆಕ್ಕೆಯ ಪಟ್ಟಿಗಳು ಪಟಪಟ ಬಡಿದುಕೊಂಡವು. ಆರಿಸಿದ, ನಿಂತಿತು. ಮತ್ತೆ ಹಾಕಿದ, ಮತ್ತೆ ಒದ್ದಾಡಿತು.

"ಕೆಟ್ಟೋಯ್ತಾ ಚಿಕ್ಕಪ್ಪ?" ಎಂದ ಖುಸೈ.

"ಇಲ್ಲಪ್ಪ, ಏನೂ ಕೆಟ್ಟಿಲ್ಲ," ಎಂದ ಅದೀಬ್. ಆಮೇಲೆ ಲುತ್ಫಿಗೆ, "ಅವತ್ತು ಎಷ್ಟು ಹೊತ್ತು ಹಾಕಿದ್ದೆ?"

"ನಾಲ್ಕು ಸೆಕೆಂಡು ಇರ್ಬೇಕು."

"ಹಾಗಾದ್ರೆ ನನ್ನ ಕೈ ಸರಿಯಿತ್ತು."

"ಸರಿಯಿತ್ತಣ್ಣ."

"ಕ್ರೇನ್ ಬಿಟ್ಟ ದಿನಾನೂ ಸರಿಯಿತ್ತು."

ಲುತ್ಫಿ ತಲೆ ತಗ್ಗಿಸಿದ.

"ಹದಿನೇಳು ವರ್ಷ ಸರಿಯಿತ್ತು," ಎಂದ ಅದೀಬ್, ಲೆಕ್ಕ ಹಾಕಿದವನಂತೆ ಮೆಲ್ಲಗೆ. ಎರಡೂ ಕೈಯನ್ನು ಮುಂದೆ ಹಿಡಿದು ನೋಡಿದ. ನಿಲ್ಲಿಸಲು ಪ್ರಯತ್ನಿಸಿದ. ಅವು ನಿಲ್ಲಲಿಲ್ಲ.

"ಬೈಯಣ್ಣ. ಏನಾದ್ರೂ ಅನ್ನು."

ಅದೀಬ್ ಹಲಗೆಯನ್ನು ಎತ್ತಿಕೊಂಡು ಕಾರಿನ ಕಡೆ ನಡೆದ. ಮಾಡಲು ಬೇರೇನೂ ಇಲ್ಲದೆ ಲುತ್ಫಿ ರೆಕ್ಕೆ ಬಿಚ್ಚಿದ, ವಿಮಾನವನ್ನು ಹಿಂದಿನ ಸೀಟಿನಲ್ಲಿಟ್ಟ, ಫ್ಲಾಸ್ಕಿನಲ್ಲಿದ್ದ, ಕುಡಿಯದ ಚಹಾವನ್ನು ಮಣ್ಣಿಗೆ ಚೆಲ್ಲಿದ. ಇಬ್ಬರಿಗೂ ಇದ್ದದ್ದು ಒಂದೇ ಕಾರು, ಊರು ಅರವತ್ತು ಕಿಲೋಮೀಟರ್ ದೂರ.

ಒಳಗೆ ಕೂತು ಕಾರು ಚಾಲೂ ಮಾಡಿ ಕಾದ. ಪಕ್ಕದಲ್ಲಿ ಅದೀಬ್ ಬೆಲ್ಟನ್ನು ಎಳೆದ, ಸಿಕ್ಕಿಸಲು ನೋಡಿದ, ತಪ್ಪಿತು. ಮತ್ತೆ ನೋಡಿದ. ಲುತ್ಫಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಎದುರಿನ ಬಯಲನ್ನೇ ನೋಡುತ್ತಿದ್ದ. ಕೈ ಚಾಚುವ ಧೈರ್ಯವಾಗಲಿಲ್ಲ. ಮೂರನೇ ಸಲ ತಪ್ಪಿದ ಮೇಲೆ ಅದೀಬ್ ಬೆಲ್ಟನ್ನು ಬಿಟ್ಟುಬಿಟ್ಟು, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಕಡೆ ಮುಖ ತಿರುಗಿಸಿದ.

"ನೀನೇ ಹಾಕು," ಎಂದ.

ಲುತ್ಫಿ ಬಗ್ಗಿ ಹಾಕಿದ.