ಗಿಣಿಗೇನೂ ತೊಂದರೆಯಿಲ್ಲ

ಗಿರಿರಾಜನಿಗೆ ಬೈದಷ್ಟು ನಾನು ನನ್ನ ಗಂಡನಿಗೂ ಬೈದಿಲ್ಲ. ಕಣ್ಣು ಕಾಣದ ಮಕ್ಕಳಿಗೆ ಕಂಪ್ಯೂಟರಿನಲ್ಲಿರುವ ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಬರೆದವನು ಅವನು. ಅದರ ಹೆಸರು ಗಿಣಿ. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು, ಒಳಗಿನ ಕೋಡನ್ನು ಬಿಚ್ಚಿ ನೋಡಬಹುದು, ತಿದ್ದಲೂಬಹುದು. ಕೆಟ್ಟರೆ ಬಂದು ನೋಡಿ ಅನ್ನುವ ಶಾಲೆಗಳು ಮಾತ್ರ ಹೊಸಹಳ್ಳಿಯ ನನ್ನ ಅಂಗಡಿಗೆ ವರ್ಷಕ್ಕೊಮ್ಮೆ ಸಪೋರ್ಟ್ ಫೀಸು ಕಟ್ಟಬೇಕು. ಅವನ ಸಂಬಳ ಅದರಿಂದಲೇ.

ಮಹಾರಾಯ ಮಾಡಿದ ತಪ್ಪೆಂದರೆ, ಗಿಣಿ ಕೆಡದ ಹಾಗೆ ನೋಡಿಕೊಂಡಿದ್ದು. ಒಂದು ಶಾಲೆಯಿಂದ ದೂರು ಬಂದರೆ ಎಲ್ಲ ಶಾಲೆಗಳಿಗೂ ಸೇರಿಸಿಯೇ ಸರಿಮಾಡುತ್ತಿದ್ದ. ಆಮೇಲೆ ಫೀಸು ಕೇಳಲು ಹೋದರೆ, ವರ್ಷವೆಲ್ಲ ಏನೂ ತೊಂದರೆಯಾಗಲಿಲ್ಲವಲ್ಲ, ಯಾತಕ್ಕೆ ಕಟ್ಟಬೇಕು ಅನ್ನುತ್ತಿದ್ದರು. ಮಲ್ಲತ್ತಹಳ್ಳಿಯ ಅಂಧ ಮಕ್ಕಳ ಶಾಲೆಯೂ ಕೈಬಿಟ್ಟಿತು. ಅಲ್ಲಿನ ಅಮೀನಪ್ಪ ಮೇಷ್ಟ್ರು ಪಾಪ ಒಳ್ಳೆಯವರು, ಅವರಿಗೂ ಕಣ್ಣು ಕಾಣದು. ಟ್ರಸ್ಟಿನವರು ಒಪ್ಪಲಿಲ್ಲವಂತೆ.

ಒಂದು ದಿನ ಹೊಟ್ಟೆ ಉರಿದು ಗಿರಿರಾಜನಿಗೆ ಹೇಳಿಯೇಬಿಟ್ಟೆ.

"ಒಂದೆರಡು ತಪ್ಪು ಹಂಗೇ ಬಿಡೋ. ಅವರೇ ಕರೀಲಿ ನಮ್ಮನ್ನ."

"ಮಕ್ಕಳು ಓದೋದ್ರಲ್ಲಿ ತಪ್ಪು ಬಿಡು ಅಂತೀರಾ ಅಕ್ಕಾ?"

ಕೊನೆಗೆ ಸಂಬಳ ಕೊಡಲಾಗದೆ ನಾನೇ ಅವನನ್ನು ಕಳುಹಿಸಬೇಕಾಯಿತು. ದೊಡ್ಡ ಕಂಪನಿಯೊಂದಕ್ಕೆ ಸೇರಿದ. ಹೊರಗಿನ ಯಾವ ಕೋಡನ್ನೂ ಮುಟ್ಟುವುದಿಲ್ಲವೆಂದು ಅಲ್ಲಿ ಸಹಿ ಹಾಕಿಸಿಕೊಂಡರು.

ಈ ಮಾರ್ಚಿನಲ್ಲಿ ಒಂದು ರಾತ್ರಿ ಕಂಪ್ಯೂಟರುಗಳೆಲ್ಲ ತಾವಾಗಿಯೇ ಅಪ್‌ಡೇಟ್ ಆದವು, ಗಿಣಿಯ ಬಾಯಿ ಕಟ್ಟಿತು. ಬೆಳಗಿನಿಂದ ಎಲ್ಲ ಶಾಲೆಗಳದ್ದೂ ಫೋನು. ಈಗ ಫೀಸು ಕಟ್ಟುತ್ತಾರಂತೆ, ಇವರ ತಲೆ! ಗಿರಿರಾಜನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡ.

"ನಾನು ಮುಟ್ಟೋ ಹಾಗಿಲ್ಲ ಅಕ್ಕಾ," ಅಂದವನು ಅತ್ತುಬಿಟ್ಟ.

ಸಾಫ್ಟ್‌ವೇರ್ ಬರೆಯುವ ಬೇರೆ ಹುಡುಗರನ್ನು ಕೇಳಿದೆ. ಕೋಡು ತೆರೆದೇ ಇದೆ, ನಿಜ. ಆದರೆ ಅದನ್ನು ಅರ್ಥಮಾಡಿಕೊಳ್ಳಲಿಕ್ಕೇ ತಿಂಗಳು ಬೇಕು ಅಂದರು.

ಸಂಜೆ ಅಮೀನಪ್ಪ ಮೇಷ್ಟ್ರ ಫೋನು ಬಂತು.

"ನಾಳೆ ಏಳನೇ ಕ್ಲಾಸಿನ ಹುಡುಗರಿಗೆ ಸಮಾಜದ ಪರೀಕ್ಷೆ ಐತ್ರೀ ಮೇಡಂ. ಹೆಂಗ ಓದ್ಕೋಬೇಕ್ರೀ ಅವರು?"

ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ನನ್ನ ಮಗಳೂ ಅದೇ ತರಗತಿ. ಅವಳ ಪುಸ್ತಕ ತೆಗೆದುಕೊಂಡೆ. ಫೋನನ್ನು ಸ್ಪೀಕರಿಗೆ ಹಾಕಿ ಮಕ್ಕಳನ್ನು ಸುತ್ತ ಕೂರಿಸಿ ಎಂದು ಮೇಷ್ಟ್ರಿಗೆ ಹೇಳಿ ಓದತೊಡಗಿದೆ. ಗಿರಿರಾಜ ಅತ್ತಿದ್ದು ನೆನಪಾಗಿ, ಎರಡನೇ ಪುಟಕ್ಕೇ ಓದುವುದನ್ನು ನಿಲ್ಲಿಸಿಬಿಟ್ಟೆ.

ಆ ಕಡೆ ಮಗುವೊಂದು ಮೇಷ್ಟ್ರನ್ನು ಕೇಳುತ್ತಿತ್ತು: "ಸಾರ್, ಇದೂ ಕೆಟ್ಟೋಯ್ತಾ?"